ನಾಲ್ಕು ಸಾವಿರ ಹರ್ಟ್ಸ್

ಈಸ್ಟ್ ಸ್ಟ್ರೀಟಿನ ಬೇಕರಿ ಪಕ್ಕದ ಸಂದಿಯಲ್ಲಿ
ಹದಿನೇಳು ಮೆಟ್ಟಿಲು ಇಳಿದರೆ ಒಂದು ನೆಲಮಾಳಿಗೆ.
ಮೊದಲು ಅಲ್ಲಿ ಟೈಪ್‌ರೈಟರ್ ರಿಪೇರಿ ಆಗುತ್ತಿತ್ತಂತೆ.
ಈಗ ಆರು ಮೇಜು, ಬಿಯರು, ಮಸಾಲೆ ಶೇಂಗಾ,
ಗೋಡೆಗೆ ಮೊಳೆ ಹೊಡೆದ ಹಳೆಯ ಗಾದಿಗಳು,
ಮೇಲ್ಮನೆಯ ಮುದುಕಿ ಪೊಲೀಸರಿಗೆ ಫೋನು ಮಾಡಬಾರದೆಂದು.

ಸುಹಾಸ್ ಕಾರಖಾನೀಸ್ ಅಲ್ಲಿ ಗಿಟಾರ್ ನುಡಿಸುತ್ತಾನೆ,
ತಿಂಗಳ ಎರಡನೇ ಗುರುವಾರ.
ಜನ ಮೂವತ್ತು. ಮಳೆ ಬಂದರೆ ಹನ್ನೊಂದು.

ಎಣಿಸಿದ್ದೇನೆ. ಎಣಿಸುವುದು ನನ್ನ ಕಸುಬು.
ಸದಾಶಿವ ಪೇಠೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತೇನೆ,
ಒಂದರಿಂದ ನಾಲ್ಕು ಬಂದ್, ಪುಣೆಯ ಎಲ್ಲರ ಹಾಗೆ.
ಗಾಜಿನ ಡಬ್ಬಿಯಲ್ಲಿ ಕೂತವರ ಕಿವಿಗೆ
ಒಂದೊಂದೇ ಸಣ್ಣ ಶಿಳ್ಳೆ ಕಳಿಸುತ್ತೇನೆ,
ಕೇಳಿದರೆ ಅವರು ಬೆರಳೆತ್ತಬೇಕು.
ದಿನವಿಡೀ ಇರುವೆಯ ಸದ್ದಿಗೆ ಕಾಯುವವಳು ನಾನು.
ಅದಕ್ಕೇ ಇರಬೇಕು, ಗುರುವಾರ ರಾತ್ರಿ
ನನಗೆ ಎದೆಗೂಡು ನಡುಗಬೇಕು,
ಗ್ಲಾಸಿನ ನೀರಿನಲ್ಲಿ ಬಳೆ ಬಳೆಯಾಗಿ ಅಲೆ ಏಳಬೇಕು.

ಬಾಗಲಕೋಟೆಯಿಂದ ಬಂದ ಅಕ್ಕ ಅಂದಳು,
"ಗದ್ದಲಾ ಕೇಳಾಕ ರೊಕ್ಕಾ ಕೊಡ್ತೀಯೇನ?"
ಕೊಡ್ತೀನಿ. ನಾನೂರು. ಒಂದು ಬಿಯರು ಸೇರಿ.

ದೊಡ್ಡ ಮೈದಾನಕ್ಕೂ ಹೋಗಿದ್ದೆ ಒಮ್ಮೆ, ವಿದೇಶದವರು ಬಂದಾಗ.
ಹೆಬ್ಬೆರಳಷ್ಟು ಮನುಷ್ಯ, ಮನೆಯಷ್ಟು ಪರದೆ.
ಪರದೆ ನೋಡಿಕೊಂಡು ಬಂದೆ.
ಇಲ್ಲಿ ಅವನ ಪೆಡಲು, ನನ್ನ ಚಪ್ಪಲಿ
ಒಂದೇ ಚಾಪೆಯ ಮೇಲೆ.
ತಂತಿ ಕಡಿದರೆ ನನ್ನ ಮೇಜಿಗೇ ಬಂದು
ಹೊಸ ತಂತಿಯ ಲಕೋಟೆ ಹರಿಯುತ್ತಾನೆ,
ಶೇಂಗಾ ಬಟ್ಟಲು ಸರಿಸಿ, "ಜರಾ" ಎಂದು.
ಒಂಬತ್ತು ವರ್ಷದಲ್ಲಿ ನನ್ನೊಡನೆ ಆಡಿದ್ದು ಆ ಒಂದು ಮಾತು.
ಹಗಲೆಲ್ಲ ವಿಮೆ ಕಚೇರಿ. ಅಂಗಿ ಜೇಬಿನ ಪೆನ್ನು ತೆಗೆಯಲು ಮರೆತಿರುತ್ತಾನೆ,
ತಲೆ ಕುಣಿಸಿದಾಗ ಅದೂ ಕುಣಿಯುತ್ತದೆ.

ಊರಿಗೆ ಬಂದವಳು ನೀರಿಗೆ ಬರಲಾರಳೇ,
ಗಿಟಾರಿನವನು ಕಿವಿಯವಳ ಹತ್ತಿರ ಬರಲಾರನೇ.
ಪಾಲಖಿಗಳು ಊರು ದಾಟಿದ ಮರುದಿನ
ಬಾಗಿಲಲ್ಲಿ ಛತ್ರಿ ಕೊಡವುತ್ತ ನಿಂತಿದ್ದ.
ನನ್ನ ಗುರುತು ಹತ್ತಲಿಲ್ಲ. ಬಿಳಿ ಕೋಟಿನೊಳಗೆ ಯಾರಿದ್ದಾರೆಂದು
ಯಾರು ನೋಡುತ್ತಾರೆ.
"ಬಲಗಿವಿಯಲ್ಲಿ ಒಂದು ಜೀರುಂಡೆ ಇದೆ," ಅಂದ,
"ಆರು ತಿಂಗಳಾಯಿತು, ಬಾಡಿಗೆಯನ್ನೂ ಕೊಡುವುದಿಲ್ಲ."

ಡಬ್ಬಿಯಲ್ಲಿ ಕೂರಿಸಿ ಬಾಗಿಲು ಹಾಕಿದೆ.
ಐನೂರು: ಬೆರಳೆತ್ತಿದ.
ಸಾವಿರ: ಎತ್ತಿದ.
ಎರಡು ಸಾವಿರ: ತಡೆದು ಎತ್ತಿದ.
ನಾಲ್ಕು ಸಾವಿರ.
ಮೂವತ್ತು ಡೆಸಿಬೆಲ್. ನಲವತ್ತು. ಐವತ್ತು.
ಗಾಜಿನಾಚೆ ನನ್ನನ್ನೇ ನೋಡುತ್ತಿದ್ದ,
ಇನ್ನೇನು ಶುರುವಾಗುತ್ತದೆ ಎಂಬ ಕಣ್ಣು.
ಗೊತ್ತು ಆ ಕಣ್ಣು ನನಗೆ. ಮೊದಲ ಮೇಜಿನದು. ನನ್ನದು.
ಎಪ್ಪತ್ತಕ್ಕೆ ಬೆರಳು ಎದ್ದಿತು,
ತಂತಿ ಒತ್ತಿ ಒತ್ತಿ ಅಡಿಕೆಯಂತಾದ ಬೆರಳು.

ಹಾಳೆಯ ಮೇಲೆ ಗೆರೆ, ಹಗ್ಗ ಕಡಿದ ಕೊಡದ ಹಾಗೆ, ಇಳಿದಿತ್ತು.
"ಗದ್ದಲದಿಂದ ದೂರವಿರಿ" ಎಂಬ ಮೊಹರು ಇದೆ ನನ್ನಲ್ಲಿ, ನೇರಳೆ ಶಾಯಿ.
ಒತ್ತಿದೆ. ಒತ್ತಲೇಬೇಕು.
ಫೀ ಆರುನೂರು. ನಾನೂರು ಅಂದೆ.

ಬರುವನೋ ಇಲ್ಲವೋ ಎಂದುಕೊಂಡೇ ಆ ಗುರುವಾರ ಮೆಟ್ಟಿಲಿಳಿದೆ.
ಬಂದಿದ್ದ. ಬಲಗಿವಿಯಲ್ಲಿ ಕಿತ್ತಳೆ ಬಣ್ಣದ ಬಿರಡೆ.
ಈಚೆಗೆ ಟ್ರೆಬಲ್ ಗುಂಡಿಯನ್ನು ತಿರುವಿ ತಿರುವಿ ಇಡುತ್ತಿದ್ದ,
ನಾವೆಲ್ಲ ಹುಣಿಸೆ ಕಚ್ಚಿದವರ ಹಾಗೆ ಕೂರುತ್ತಿದ್ದೆವು,
ಯಾರೂ ಹೇಳಿರಲಿಲ್ಲ.
ಸ್ವರ ಅವನಿಗೆ ಕೇಳುತ್ತದೆ. ಸ್ವರದ ಮೇಲಿನ ಮಿರುಗು ಇಲ್ಲ,
ಕಣ್ಣಾಸ್ಪತ್ರೆಯಿಂದ ಬಂದವರಿಗೆ ದೀಪದ ಅಂಚು ಕಾಣದ ಹಾಗೆ.

ಆಂಪ್ಲಿಫೈಯರಿನ ಮುಂದೆ ಬಗ್ಗಿ ಒಂದು ತಂತಿ ಮೀಟಿದ,
ಗುಂಡಿಯ ಮೇಲೆ ಕೈ ಇಟ್ಟು ತಿರುಗಿ
ಮೊದಲ ಮೇಜಿನ ಕಡೆ ನೋಡಿದ.
ನೋಡುತ್ತಲೇ ಇದ್ದ.
"ಜರಾ?" ಅಂದ.
ನಿಧಾನ ಇಳಿಸಿದ, ಇನ್ನೂ ಸ್ವಲ್ಪ, ಇನ್ನೂ.
ನಾನು ಬೆರಳೆತ್ತಿದೆ.

ಆಮೇಲೆ ಶುರುವಾಯಿತು.
ಎರಡನೇ ಹಾಡಿಗೇ ಮೇಲ್ಮನೆಯ ಮುದುಕಿ
ಕೋಲಿನಿಂದ ನೆಲ ಕುಟ್ಟಿದಳು.
ಅವನು ತಲೆಯೆತ್ತಿ ನಕ್ಕ.
ನೂರಿಪ್ಪತ್ತು ಹರ್ಟ್ಸ್ ಇರಬೇಕು,
ಅದೆಲ್ಲ ಅವನಿಗೆ ಚೆನ್ನಾಗಿಯೇ ಕೇಳುತ್ತದೆ.