ಹೆಜ್ಜಾರ್ಲೆಯ ಗಂಟಲು

ಬರ್ನಿಯ ಬಂದರಿನ ಹಿಂದೆ, ಇಳಿಜಾರು ರಸ್ತೆಯಲ್ಲಿ
ಚಕ್ರಕ್ಕೆ ಎರಡು ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದೇವೆ ಇದನ್ನು:
ಇಪ್ಪತ್ತೊಂಬತ್ತು ವರ್ಷದ ಮೋಟರ್‌ಹೋಮ್,
ಎಡಮಗ್ಗುಲಲ್ಲಿ ಆಳೆತ್ತರದ ಒಂದು ಹೆಜ್ಜಾರ್ಲೆಯ ಸ್ಟಿಕ್ಕರು.

ಮಾರಿದವಳು ಥೆಲ್ಮಾ ವಾರ್ಡ್‌ಲಾ.
"ಆ ಹಕ್ಕಿಗೆ ಮೊದಲಿನಿಂದಲೂ ಗಂಟಲು ತುಸು ದಪ್ಪ" ಅಂದಿದ್ದಳು.
ನಕ್ಕು ದುಡ್ಡು ಎಣಿಸಿಕೊಟ್ಟೆವು.
ಜೂನಿನ ಮಳೆಗೆ ಗಂಟಲು ಮೀನು ನುಂಗಿದಂತೆ ಊದಿತು.
ಜುಲೈಗೆ ಕಿಟಕಿಯ ಕೆಳಗೆ ಇನ್ನೊಂದು,
ಕಾದ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ.

ಎದೆರೋಗದ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದವಳು ನಾನು.
ಬೆರಳ ಮೇಲೆ ಬೆರಳಿಟ್ಟು ಬಡಿದರೆ
ಪಕ್ಕೆಯೊಳಗೆ ನೀರು ಎಲ್ಲಿಯವರೆಗೆ, ಹೇಳಬಲ್ಲೆ.
ಖಾಲಿ ಬಿಂದಿಗೆಯ ಸದ್ದಾದರೆ ಸರಿ, ತುಂಬಿದ ಮೂಟೆಯ ಸದ್ದಾದರೆ ಕಷ್ಟ.
ಇಲ್ಲಿ ಲೆಕ್ಕ ತಿರುಗುಮುರುಗು.
ಹೊರಗಿನ ಫೈಬರ್ ಹಾಳೆ ಒಳಗಿನ ಪ್ಲೈವುಡ್ಡಿನ ಕೈಬಿಟ್ಟಲ್ಲೆಲ್ಲ
ಖಾಲಿ ಬಿಂದಿಗೆ.
ಗಡಿ ಗುರುತಿಸುತ್ತ ಹೋದೆ ಸೀಮೆಸುಣ್ಣದಲ್ಲಿ.
ಮುಗಿದಾಗ ಗೋಡೆಯ ಮೇಲೊಂದು ದ್ವೀಪ,
ನಾನು ಕಂಡ ಯಾವ ದ್ವೀಪದಂತೆಯೂ ಇರಲಿಲ್ಲ.

ದಿವಾಕರ ಏಣಿಯಿಂದ ಕೂಗಿದ: "ಇಲ್ಲೆಲ್ಲೂ ತೂತಿಲ್ಲ!"
ಹೊಕ್ಕಲ್ಲೇ ಕಾಣಿಸಿಕೊಳ್ಳುವ ಪೈಕಿಯಲ್ಲ ನೀರು.
ಮೂರು ಮೊಳ ಆಚೆ, ಚಾವಣಿಯ ಮೂಲೆಗೆ ಸಣ್ಣ ಹಳದಿ ದೀಪ;
ಅದರ ಬುಡದ ಸೀಲಂಟು ಉಗುರಿಗೇ ಎದ್ದುಬಂತು.
ಅಲ್ಲಿ ನುಸುಳಿ, ಚೌಕಟ್ಟಿನ ಮರ ಹಿಡಿದು
ಇಳಿದಿದೆ, ಎಷ್ಟು ಚಳಿಗಾಲವೋ.

ರಿಪೇರಿಯವನು ಹೇಳಿದ ಮೊತ್ತ, ಮೂಗಿಗಿಂತ ಮೂಗುತಿ ಭಾರ.
ನಾವೇ ಒಳಗೋಡೆ ಬಿಚ್ಚಿದೆವು.
ಸ್ಕ್ರೂಡ್ರೈವರು ಮರದೊಳಗೆ ಹೋಯಿತು
ಚಹಾಕ್ಕೆ ಅದ್ದಿದ ರಸ್ಕಿಗೆ ಹೋಗುವಂತೆ.
ಅಣಬೆಯ ವಾಸನೆ. ಪ್ಯಾನಲಿನ ಬೆನ್ನಿಗೆ
ಪೆನ್ಸಿಲಿನ ಮುದ್ದಾದ ಅಕ್ಷರ, ಮೂರು ಗೆರೆ:
'೨೦೦೪, ಒದ್ದೆ ಇಲ್ಲಿವರೆಗೆ.'
'೨೦೦೮, ಇಲ್ಲಿವರೆಗೆ.'
'೨೦೧೩. ಥೆಲ್‌ಗೆ ಹೇಳುವುದು ಬೇಡ.'

ಫೋನು ಮಾಡಿದೆ. ಏನು ಹೇಳಲೆಂದು ತಿಳಿಯದೆ
ಹೀಟರಿನ ಸ್ವಿಚ್ಚು ಎಲ್ಲಿ ಅಂತ ಕೇಳಿದೆ.
ಹೇಳಿದಳು. ಆಮೇಲೆ, "ಹಕ್ಕಿ ಇದೆಯಾ ಇನ್ನೂ?
ಕ್ಲೈವ್ ಆಸ್ಪತ್ರೆಯಲ್ಲಿದ್ದಾಗ ಅಂಟಿಸಿದ್ದು, ನಾನು."

ಹನ್ನೊಂದು ದಿನ ಒಣಗಿಸುವ ಯಂತ್ರ ಗುರುಗುಟ್ಟಿತು,
ಬೆಳಗಾದರೆ ಅರ್ಧ ಬಕೆಟ್ಟು.
ಕೊಳೆತದ್ದು ಕಿತ್ತು ಹೊಸ ಮರ ಕೊಟ್ಟೆವು.
ದನದ ಔಷಧಿ ಅಂಗಡಿಯಿಂದ ದಪ್ಪ ಸೂಜಿಯ ಸಿರಿಂಜು ತಂದೆ.
ಜೀವಮಾನವೆಲ್ಲ ಹೊರಗೆಳೆದದ್ದೇ ಕೆಲಸ;
ಇಲ್ಲಿ ಒಳಗೆ ತುಂಬಬೇಕು, ಅಂಟು, ಗುಳ್ಳೆಯಿಲ್ಲದಂತೆ, ನಿಧಾನಕ್ಕೆ.
ಹಲಗೆ ಒತ್ತಿ ನಾಲ್ಕು ಊರುಗೋಲು ಕೊಟ್ಟು
ರಾತ್ರಿಯಿಡೀ ಬಿಟ್ಟೆವು.

ಕಿಟಕಿಯ ಪೂರಿ ಕೂತಿತು.
ಹೆಜ್ಜಾರ್ಲೆಗೆ ಮಾತ್ರ ಇನ್ನೂ ಹೆಬ್ಬೆರಳಷ್ಟು ಗಂಟಲು.
ದಿವಾಕರ ಸ್ಟಿಕ್ಕರು ಕಿತ್ತು ಬಣ್ಣ ಬಳಿಯೋಣ ಅನ್ನುತ್ತಾನೆ.
ಇರಲಿ ಅಂದೆ.
ಹಳೆಯ ಪ್ಯಾನಲಿನ ಆ ತುಂಡನ್ನೂ ಒಳಗೇ ಇಟ್ಟು ಮುಚ್ಚಿದೆ,
ಕೆಳಗೊಂದು ಗೆರೆ ಎಳೆದು:
'೨೦೨೩ ಆಗಸ್ಟ್. ಒಣಗಿದೆ. ಇವನಿಗೂ ಗೊತ್ತು.'

ನಿನ್ನೆ ಪಡುವಣ ಗಾಳಿಗೆ ಅಡ್ಡಮಳೆ.
ಎರಡು ಗಂಟೆಗೆ ಟಾರ್ಚು ಹಿಡಿದು ಎದ್ದೆ,
ಬೆರಳ ಮೇಲೆ ಬೆರಳಿಟ್ಟೆ.