ಹೊಳೆಯಬಾರದ್ದು

ಬೇಲೂರು ರಸ್ತೆಯ ನಮ್ಮ ಶೆಡ್ಡಿಗೆ ಬರುವ ಕಾರುಗಳ
ಹೊರಮೈ ತೊಳೆಯುವವರು ಬೇರೆ.
ನನ್ನದು ಒಳಗಿನ ಕಪ್ಪು:
ಬಾಗಿಲಂಚಿನ ಬೀಡಿಂಗು, ಕಾಲಡಿಯ ಮ್ಯಾಟು,
ಗೇರಿನ ಬುಡಕ್ಕೆ ಹೊದಿಸಿದ ಮಡಿಕೆ ಮಡಿಕೆ ಟೋಪಿ,
ಎರಡು ಗಿಡ್ಡ ಪೆಡಲು, ಒಂದು ಉದ್ದನೆಯದು.

ಜಬ್ಬಾರಣ್ಣ ಮೊದಲ ದಿನ ಕೈಗೆ ಕೊಟ್ಟದ್ದು
ಸವೆದ ಹಲ್ಲುಜ್ಜುವ ಬ್ರಶ್ಶು, ಹಳೇ ಬನಿಯನ್ನಿನ ತುಂಡು,
ಜೊತೆಗೊಂದು ಮಾತು:
"ರಬ್ಬರು ಅಂದ್ರೆ ಮರದ ಹಾಲು ಕಣ್ಲಾ,
ಹಾಲಿಗೆ ಹುಳಿ ಹಿಂಡಬ್ಯಾಡ."

ಹುಳಿ ಅಂದರೆ ಪೆಟ್ರೋಲು, ತಿನ್ನರು, ಸೀಮೆಎಣ್ಣೆ.
ನಾನು ಕೇಳಲಿಲ್ಲ.
ಆಲೂಗಡ್ಡೆ ಮಂಡಿಯ ಸಾಹುಕಾರರ ಜೀಪಿಗೆ
ಡಾಂಬರಿನ ಕಲೆ ಹೋಗಲೆಂದು ಪೆಟ್ರೋಲು ಮುಟ್ಟಿಸಿದೆ.
ಕಲೆ ಹೋಯಿತು. ತಿಂಗಳೊಳಗೆ ಬೀಡಿಂಗು
ಪುಷ್ಯಮಾಸದ ಹಿಮ್ಮಡಿಯ ಹಾಗೆ ಬಿರಿಯಿತು.
ಹೊಸದರ ದುಡ್ಡು ನನ್ನ ಸಂಬಳದಲ್ಲಿ ಹಿಡಿದರು,
ಎರಡು ತಿಂಗಳು, ಬೈಯದೆ.
ಬೈದಿದ್ದರೆ ಬೇಗ ಮರೆತುಬಿಡುತ್ತಿದ್ದೆ.

ಈಗ ಕಾರನ್ನು ನೆರಳಿಗೆ ತಳ್ಳಿ, ನಾಲ್ಕೂ ಬಾಗಿಲು ತೆರೆದಿಟ್ಟು,
ಉಗುರು ಬೆಚ್ಚಗಿನ ನೀರಿಗೆ ಒಂದು ಮುಚ್ಚಳ ಶಾಂಪೂ.
ಬಟ್ಟೆ ಅದ್ದಿ, ಹಿಂಡಿ,
ತೊಟ್ಟಿಕ್ಕದಷ್ಟು ಹಿಂಡಿ, ಸಂದಿಗೆ ಇಳಿಸುತ್ತೇನೆ.
ಸಂದಿಯಲ್ಲಿ ಏನೇನಿರುತ್ತದೆ!
ಶುಂಠಿ ಹೊಲದ ಕೆಮ್ಮಣ್ಣು, ಹುರಿಗಡಲೆಯ ಸಿಪ್ಪೆ,
ಒಮ್ಮೆ ಮಗುವಿನ ಕಾಲ್ಗೆಜ್ಜೆಯ ಒಂದೇ ಒಂದು ಮಣಿ,
ಅವರೆಕಾಳಿಗಿಂತ ಚಿಕ್ಕದು, ಇನ್ನೂ ಉಲಿಯುತ್ತಿತ್ತು.
ಡಬ್ಬಿಗೆ ಹಾಕಿಟ್ಟೆ. ಕೇಳಿಕೊಂಡು ಯಾರೂ ಬರಲಿಲ್ಲ.

ಆಮೇಲೆ ಒಣಬಟ್ಟೆ. ಆಮೇಲೆ ಸುಮ್ಮನೆ ಕಾಯುವುದು.
ಒದ್ದೆಯ ಮೇಲೆ ಹಚ್ಚಿದ್ದು ನಿಲ್ಲುವುದಿಲ್ಲ,
ಒದ್ದೆ ಮ್ಯಾಟು ಹಾಸಿದರೆ ಮೂರನೇ ದಿನಕ್ಕೆ ಕಾರು ಹಳಸುತ್ತದೆ.
ಒಣಗಿದ ಮೇಲೆ ಆ ಬಿಳಿ ನೀರು, ಎಣ್ಣೆಯದಲ್ಲ,
ನಾಲ್ಕು ಹನಿ, ಅದೂ ಬಟ್ಟೆಗೆ.
ರಬ್ಬರು ಉಂಡಷ್ಟು ಉಣ್ಣಲಿ, ಮಿಕ್ಕಿದ್ದು ಒರೆಸಿ ತೆಗೆ.
ಮಾಗಿಯ ಬೆಳಗ್ಗೆ ಬಾಗಿಲು ಪರ್ರನೆ ಹರಿಯದೆ
ಒದ್ದೆ ಕೈಗೆ ಮುದ್ದೆ ಬಿಟ್ಟ ಹಾಗೆ ಬಿಡಬೇಕು.
ಕಾಲಡಿಗೆ ಮಾತ್ರ ಆ ನೀರು ಸೋಕಬಾರದು.
ಯಾಕೆಂದು ನಾನು ಕೇಳಿರಲಿಲ್ಲ.

ನಿನ್ನೆ ಧರಣೇಂದ್ರಯ್ಯ ಬಂದರು,
ಹಳೇ ಕಾರು ಮಾರಿಸುವವರು, ಕಂಕುಳಲ್ಲಿ ಡೈರಿ.
"ನಾಳೆ ಪಾರ್ಟಿ ಬರ್ತದೆ. ಒಳಗೆಲ್ಲ ಕನ್ನಡಿ ಆಗ್ಬೇಕು.
ಪೆಡಲಿಗೂ ಸವರು, ಹೊಸದರಂಗೆ ಕಾಣ್ಲಿ."
ಬಗ್ಗಿ ನೋಡಿದೆ. ಬ್ರೇಕಿನ ರಬ್ಬರು ಬಲಮೂಲೆಗೆ ಸವೆದು
ಗೆರೆಗಳೆಲ್ಲ ಅಳಿಸಿದ್ದವು,
ರೇಷನ್ ಅಂಗಡಿಯ ಯಂತ್ರ ಗುರುತಿಸದ
ನಮ್ಮವ್ವನ ಹೆಬ್ಬೆಟ್ಟಿನ ಹಾಗೆ.
ಮೀಟರು ಮೂವತ್ತೆಂಟು ಸಾವಿರ ಅನ್ನುತ್ತಿತ್ತು.
ರಬ್ಬರು, ಲಕ್ಷ ದಾಟಿದೆ ಅಂತು.

ಐನೂರರ ನೋಟು ಡ್ಯಾಶ್‌ಬೋರ್ಡಿನ ಮೇಲಿತ್ತು.
ಬಾಟಲಿಯ ಮುಚ್ಚಳ ನನ್ನ ಕೈಯಲ್ಲಿತ್ತು.
ಜಬ್ಬಾರಣ್ಣ ಕುಂಟುತ್ತ ಬಂದು ಸ್ಟೀರಿಂಗಿನ ಮುಂದೆ ಕೂತರು,
ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ
ಬ್ರೇಕಿನ ಮೇಲೆ ಇಟ್ಟರು, ಯಾರದೋ ಸಾಮಾನು ಇಟ್ಟಂತೆ.
"ಶಿರಾಡಿ ಇಳಿತ. ನನ್ನ ಕೈಯಾರೆ ಹೊಳಪು ಹಚ್ಚಿದ ಪೆಡಲು."
ಅಷ್ಟೇ. ಮುಂದಿನದು ಆ ಮೊಣಕಾಲಿಗೆ ಗೊತ್ತು.
ಆರು ವರ್ಷ ಜೊತೆಗಿದ್ದೆ;
ಪೋಲಿಯೋ ಅಂದುಕೊಂಡಿದ್ದೆ.

"ಹೊಸ ರಬ್ಬರು ಹಾಕ್ಸಿ ಸಾರ್, ನೂರಾ ಎಂಬತ್ತು" ಅಂದೆ.
ಧರಣೇಂದ್ರಯ್ಯ ಒಪ್ಪಿದರು, ಬೇಗನೆ ಒಪ್ಪಿದರು.
ನಾನಂದದ್ದು ಕೊಳ್ಳುವವನ ಕಾಲಿಗೆ ಆಯಿತೋ
ಮೀಟರಿನ ಸುಳ್ಳಿಗೆ ಆಯಿತೋ,
ಇನ್ನೂ ಲೆಕ್ಕ ಹತ್ತಿಲ್ಲ.

ಕಳಚಿದ ಹಳೆಯದನ್ನು ಸೋಪುನೀರಲ್ಲಿ ತೊಳೆದು, ಒಣಗಿಸಿ,
ಗೆಜ್ಜೆಮಣಿಯ ಡಬ್ಬಿಗೆ ಹಾಕಿದೆ.
ಅಲುಗಿಸಿದರೆ
ಈಗ ಸದ್ದು ಕಮ್ಮಿ.