ಒಂದು ತೊಟ್ಟು ಕೆಂಪು

ಪಾಂಡವಪುರದ ಹೆಣ್ಣುಮಕ್ಕಳ ಶಾಲೆಯ ಕಾಂಪೌಂಡಿಗೆ
ಗದ್ದೆ ಬರೆಯಬೇಕಿತ್ತು, ನೂರಿಪ್ಪತ್ತು ಅಡಿ.
ಹೆಡ್‌ಮೇಡಂ ತಾವೇ ಆರಿಸಿ ತಂದಿದ್ದರು ಡಬ್ಬ:
ಮುಚ್ಚಳ ತೆಗೆದರೆ ಗಿಳಿ ಕಿರುಚಿದಂಥ ಹಸಿರು.

ನನಗಾಗ ಹನ್ನೆರಡು. ಸೀಮೆಎಣ್ಣೆಯಲ್ಲಿ ಬ್ರಷ್ಷು ತೊಳೆಯುವವನು.
ಮೇಸ್ತ್ರಿ ಚಿಕ್ಕಜವರಯ್ಯ. ಬೋರ್ಡಿನ ಮೂಲೆಯಲ್ಲಿ
‘ಜವರ ಆರ್ಟ್ಸ್’ ಎಂದು ಸಹಿ ಹಾಕಿದರೆ
ಕ್ಲಿನಿಕ್ಕಿನವರು ಮಾತ್ರ ಅಳಿಸಿ ಅನ್ನುತ್ತಿದ್ದರು.

ಒಂದು ಮಾರುದ್ದ ಬಳಿದು ಹಿಂದೆ ಸರಿದರು
ರಸ್ತೆ ದಾಟಿ, ಎಳನೀರಿನ ಗಾಡಿಯವರೆಗೆ.
“ಇದು ಪೈರಲ್ಲ ಕಣ್ಲಾ, ಪ್ಲಾಸ್ಟಿಕ್ ಚಾಪೆ.
ಆ ಕೆಂಪು ತಕ್ಕಂಬಾ.”

ಕೆಂಪು? ಆಲೆಮನೆಯ ಗೇಟಿಗೆ ಬಳಿದು ಉಳಿದದ್ದು.
ಕಡ್ಡಿಯ ತುದಿಯಿಂದ ಒಂದು ತೊಟ್ಟು.
ಡಬ್ಬದೊಳಗೆ ಹಸಿರು ಮುಖ ಸಣ್ಣದು ಮಾಡಿತು,
ಕಲಕಿದಷ್ಟೂ ಮಂಕು.
ಅಷ್ಟು ಚೆಂದದ್ದನ್ನು ಕೊಂದರಲ್ಲ ಎಂದು
ನನಗೆ ಅಳುವೇ ಬಂತು.

ಗೋಡೆಗೆ ಹತ್ತಿದ ಮೇಲೆ
ಅದು ನೀರು ಕುಡಿಯಿತು.

“ಪೈರಿನ ಬುಡ ನೋಡಿದ್ದೀಯಾ? ನಾಳೆ ಬಗ್ಗಿ ನೋಡು.”
ನಾಲೆಯ ಏರಿಯಿಂದ ಇಳಿದು ಬಗ್ಗಿದೆ.
ಕೆಸರಿಗೆ ನಾಲ್ಕು ಬೆರಳು ಮೇಲೆ, ಎಲೆ ಕಾಂಡಕ್ಕೆ ಕೂಡುವಲ್ಲಿ
ಚೇಳು ಕಚ್ಚಿದ ಜಾಗದ ಹಾಗೆ ಒಂದಿಷ್ಟು ಕೆಂಪು.
ಗದ್ದೆಯವರ ಮಗ ನಾನು. ಯಾರೂ ಹೇಳಿರಲಿಲ್ಲ.

ನೆರಳಿಗೆ ಕಪ್ಪು ಡಬ್ಬ ತೆರೆಯಗೊಡಲಿಲ್ಲ.
“ನಂಬರ್ ಪ್ಲೇಟಿಗಿರಲಿ ಅದು.”
ಬದುವಿನ ನೆರಳಿಗೆ ನೀಲಿ, ಮೋಟಾರು ಮನೆಯದಕ್ಕೆ
ಬೆಲ್ಲ ಕಾಯಿಸಿದ ಕೊಪ್ಪರಿಗೆಯ ತಳದ ಬಣ್ಣ.
ಕೊಕ್ಕರೆಗೆ ಬಿಳಿ ಸಾಲದೆ ಹೋದಾಗ
ಇನ್ನಷ್ಟು ಬಿಳಿ ಹಾಕಲಿಲ್ಲ, ಸುತ್ತ ಬೂದಿ ತಿಕ್ಕಿದರು;
ಕೊಕ್ಕರೆ ತಾನಾಗಿ ಬೆಳ್ಳಗಾಯಿತು.

ಮೇಡಂ ಬಂದು ಕನ್ನಡಕ ಏರಿಸಿ ನೋಡಿದರು:
“ನಾನು ತಂದ ಹಸಿರು ಎಷ್ಟು ಚೆನ್ನಾಗಿ ಕೂತಿದೆ!”
ಮೇಸ್ತ್ರಿ ಬೀಡಿ ಕಚ್ಚಿಕೊಂಡೇ ಹೂಂ ಅಂದರು.

ಮೊನ್ನೆ ಮಂಡ್ಯದ ನೂರಡಿ ರಸ್ತೆಯ ಬಣ್ಣದಂಗಡಿ.
ಕಾರ್ಡಿನಲ್ಲೊಂದು ಹಸಿರಿಗೆ ಬೆರಳಿಟ್ಟೆ,
ಹುಡುಗ ನಂಬರು ಒತ್ತಿದ.
ಯಂತ್ರ ಬಿಳಿಯ ಮೇಲೆ ಹಳದಿ ಚಿಮ್ಮಿಸಿತು, ಹಸಿರು ಚಿಮ್ಮಿಸಿತು,
ನಿಂತಿತು.
ನಾನು ಬಾಯಿ ತೆರೆಯುವುದರೊಳಗೆ
ಏನೋ ನೆನಪಾದವರಂತೆ ತಿರುಗಿ
ಕಂಡೂ ಕಾಣದಷ್ಟು ಕೆಂಪು.

“ಅದ್ಯಾಕಪ್ಪಾ?”
“ಗೊತ್ತಿಲ್ಲ ಸಾರ್. ಫಾರ್ಮುಲಾದಲ್ಲಿದೆ.”

ಬಸ್‌ಸ್ಟ್ಯಾಂಡಿಗೆ ನಡೆದೆ. ಮುಚ್ಚಳದ ಮೇಲೆ
ಅವನ ಹೆಬ್ಬೆಟ್ಟಿನ ಗುರುತು,
ಇನ್ನೂ ಹಸಿ.